ಬಲದಿಂದ ಎಡಕ್ಕೆ ಸಾಗಿದ ಕೇದಗೆ

ಆ ಮೇಲ್ಕಟ್ಟಿನ ಬಗ್ಗೆ ನಾನು ಬರೆದ ಮೊದಲ ವರದಿಯಲ್ಲಿ ‘ಅಂಚಿನ ಅಚ್ಚು ಸಮವಾಗಿಲ್ಲ, ಕಲಿಯುವವರ ಕೈಕೆಲಸ ಇರಬಹುದು’ ಎಂಬ ಸಾಲಿದೆ. ಅದನ್ನು ಇವತ್ತಿಗೂ ಕಡತದಿಂದ ತೆಗೆದಿಲ್ಲ. ನನ್ನ ಅವಸರಬುದ್ಧಿಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಇಲ್ಲ.

ಮಣಿಪಾಲದ ಒಂದು ಸಣ್ಣ ವಸ್ತುಸಂಗ್ರಹಾಲಯದಲ್ಲಿ ಹಳೆಯ ಬಟ್ಟೆಗಳನ್ನು ಕಾಪಾಡುವುದು ನನ್ನ ಕೆಲಸ. ಕಾಪಾಡುವುದು ಎಂದರೆ ಕೇಳುವವರಿಗೆ ಏನೋ ಗಂಭೀರವಾಗಿ ಕೇಳಿಸುತ್ತದೆ. ಹೆಚ್ಚಿನ ದಿನಗಳಲ್ಲಿ ಅದು ಧೂಳು ತೆಗೆಯುವುದು, ಬೂಷ್ಟು ಬಂತೇ ಎಂದು ಮೂಸಿ ನೋಡುವುದು, ಕಪಾಟಿನ ತೇವ ಎಷ್ಟಿದೆ ಎಂದು ಬರೆದಿಡುವುದು, ಅಷ್ಟೇ. ಆ ತಿಂಗಳು ಮಾತ್ರ ಹಾಗಿರಲಿಲ್ಲ. ಇನ್ನು ಮೂರು ವಾರದಲ್ಲಿ ಅಚ್ಚೊತ್ತಿದ ಬಟ್ಟೆಗಳ ಪ್ರದರ್ಶನವಿತ್ತು.

ಬಟ್ಟೆಗಳೆಲ್ಲ ಒಂದೇ ಕಡೆಯವು. ಸುಮಾರು ಐವತ್ತು ವರ್ಷಗಳ ಹಿಂದೆ ಕಾರ್ಕಳದಲ್ಲಿ ಮರದ ಅಚ್ಚಿನಿಂದ ಬಟ್ಟೆಗೆ ಬಣ್ಣ ಒತ್ತುವ ಒಂದು ಶೆಡ್ಡು ಇತ್ತು. ಹೊರ ಜಿಲ್ಲೆಯಿಂದ ಬಂದ ಒಬ್ಬ ಕುಶಲಿ ಅದನ್ನು ನಡೆಸುತ್ತಿದ್ದರು. ಎಲ್ಲರೂ ಅವರನ್ನು ಮೇಸ್ತ್ರಿ ಎಂದೇ ಕರೆಯುತ್ತಿದ್ದರಂತೆ. ಶೆಡ್ಡು ಬೇಗನೆ ಮುಚ್ಚಿತು. ಮೇಸ್ತ್ರಿ ತೀರಿಕೊಂಡ ಮೇಲೆ ಅವರ ಹೆಸರು ದೊಡ್ಡದಾಯಿತು. ಅವರ ಶೆಡ್ಡಿನ ಚಾದರ, ಪರದೆ, ಮೇಜುವಸ್ತ್ರಗಳನ್ನು ನಾವು ಮನೆ ಮನೆಯಿಂದ ಸಂಗ್ರಹಿಸಿದ್ದೆವು. ಅವುಗಳಲ್ಲಿ ಎಲ್ಲಕ್ಕಿಂತ ಚೆಂದದ್ದು ಅಜೆಕಾರಿನ ಒಂದು ಮನೆಯವರು ಕೊಟ್ಟ ಮೇಲ್ಕಟ್ಟು. ದೇವರ ಕೋಣೆಯಲ್ಲಿ ದೇವರ ತಲೆಯ ಮೇಲೆ, ಮದುವೆಯ ಚಪ್ಪರದಲ್ಲಿ ಮದುಮಕ್ಕಳ ತಲೆಯ ಮೇಲೆ ನಾಲ್ಕು ಮೂಲೆ ಎಳೆದು ಕಟ್ಟುವ ಬಟ್ಟೆ ಅದು. ನಡುವೆ ಒಂದು ದೊಡ್ಡ ಕೆಂಪು ತಾವರೆ, ನಾಲ್ಕೂ ಅಂಚಿನಲ್ಲಿ ಕಪ್ಪು ಕೇದಗೆ ಹೂಗಳ ಸಾಲು.

“ಮುಖ್ಯ ಬಟ್ಟೆ ಅದೇ ಮೇಡಂ,” ಎಂದಿದ್ದರು ನಮ್ಮ ನಿರ್ದೇಶಕರು. “ಒತ್ತಿದವರು ಅಂತ ಮೇಸ್ತ್ರಿಯ ಹೆಸರು ದಪ್ಪ ಅಕ್ಷರದಲ್ಲಿ ಬರಲಿ.”

ನಾನೂ ತಲೆಯಾಡಿಸಿದ್ದೆ. ಫಲಕದ ಕರಡು ಬರೆದೂ ಆಗಿತ್ತು.

ಬಟ್ಟೆಯನ್ನು ಮೇಜಿನ ಮೇಲೆ ಹರಡಿ ಕೆಲಸ ಶುರು ಮಾಡಿದೆ. ದೇವರ ದೀಪದ ಹೊಗೆ ಕುಳಿತು ಅಡಿಭಾಗ ಕಂದಿತ್ತು. ಒಂದು ಮೂಲೆಯಲ್ಲಿ ಎಣ್ಣೆಯ ಕಲೆ. ಮೊದಲು ಬಟ್ಟೆಯ ಮೇಲೆ ನೈಲಾನ್ ಬಲೆ ಹಾಸಿ, ಧೂಳು ಹೀರುವ ಯಂತ್ರವನ್ನು ಅತಿ ಕಡಿಮೆ ಶಕ್ತಿಯಲ್ಲಿಟ್ಟು, ಅಂಗೈಯಗಲ ಅಂಗೈಯಗಲವಾಗಿ ಸ್ವಚ್ಛ ಮಾಡಿದೆ. ಬಲೆ ಇಲ್ಲದಿದ್ದರೆ ಸಡಿಲವಾದ ನೂಲೂ ಧೂಳಿನ ಜೊತೆ ಹೊರಟುಹೋಗುತ್ತದೆ. ಅದಕ್ಕೇ ಎರಡು ದಿನ ಹಿಡಿಯಿತು. ಆಮೇಲೆ ತೊಳೆಯಬಹುದೇ ಎಂಬ ಪರೀಕ್ಷೆ. ಬಟ್ಟಿ ಇಳಿಸಿದ ನೀರಿನಲ್ಲಿ ಹತ್ತಿಯ ತುದಿ ಅದ್ದಿ ಪ್ರತಿಯೊಂದು ಬಣ್ಣದ ಮೇಲೆ ಇಟ್ಟು ಒತ್ತಿ ನೋಡಬೇಕು. ಕಪ್ಪು ಅಲುಗಾಡಲಿಲ್ಲ. ಕೆಂಪು ಹತ್ತಿಗೆ ಗುಲಾಬಿ ಬಣ್ಣ ಬಿಟ್ಟಿತು. ಹಾಗಾದರೆ ನೀರು ಮುಟ್ಟಿಸುವ ಹಾಗಿಲ್ಲ. ಹೊಗೆಯ ಕಲೆ ಇರುವ ಹಾಗೆಯೇ ಇರಬೇಕು. ನಿರ್ದೇಶಕರಿಗೆ ಇದು ಇಷ್ಟವಾಗಲಿಲ್ಲ, ನನಗೂ ಆಗಲಿಲ್ಲ. ಆದರೆ ಒಮ್ಮೆ ಹರಿದುಹೋದ ಬಣ್ಣವನ್ನು ಯಾರೂ ತಂದುಕೊಡುವುದಿಲ್ಲ.

ನಾಲ್ಕನೆಯ ದಿನ ಭೂತಗನ್ನಡಿ ಕಣ್ಣಿಗೆ ಹಾಕಿಕೊಂಡು ಅಂಚಿನ ಕೇದಗೆಗಳನ್ನು ಒಂದೊಂದಾಗಿ ನೋಡುತ್ತಾ ಹೋದೆ. ಆಗಲೇ ಮೊದಲು ಹೇಳಿದ ಆ ಸಾಲನ್ನು ಬರೆದದ್ದು. ಬಣ್ಣ ಎಲ್ಲ ಕಡೆ ಒಂದೇ ಸಮ ಇರಲಿಲ್ಲ. ಒಂದು ಹೂವು ಗಾಢ, ಅದರ ಪಕ್ಕದ್ದು ಸ್ವಲ್ಪ ತೆಳು, ಅದರ ಪಕ್ಕದ್ದು ಇನ್ನೂ ತೆಳು, ಎಂಟೊಂಬತ್ತು ಹೂವಾದ ಮೇಲೆ ಮತ್ತೆ ಗಾಢ. ವರದಿ ಬರೆದು ಮುಗಿಸಿ ಚಹಾ ಕುಡಿಯಲು ಎದ್ದವಳು ಹಾಗೆಯೇ ಕುಳಿತೆ. ಈ ತೆಳುವಾಗುವಿಕೆಗೆ ಒಂದು ದಿಕ್ಕಿತ್ತು. ಅಚ್ಚು ಅದ್ದುವ ಬಟ್ಟಲಿನಲ್ಲಿ ಬಣ್ಣ ಕಡಿಮೆಯಾಗುತ್ತಾ ಬಂದ ಹಾಗೆ ಹೂವು ತೆಳುವಾಗಿದೆ, ಬಟ್ಟಲು ತುಂಬಿಸಿದ ಕೂಡಲೇ ಗಾಢವಾಗಿದೆ. ಅಂದರೆ ಯಾವ ಹೂವಿನ ನಂತರ ಯಾವುದನ್ನು ಒತ್ತಿದ್ದಾರೆ ಎಂದು ಓದಬಹುದು. ಓದಿದೆ. ಸಾಲು ಬಲದಿಂದ ಎಡಕ್ಕೆ ಹೋಗುತ್ತಿತ್ತು.

ಇದು ಯಾಕೆ ವಿಚಿತ್ರ ಎಂದು ಹೇಳಬೇಕು. ಅಚ್ಚು ಒತ್ತುವವರು ಬಲಗೈಯವರಾದರೆ ಎಡ ತುದಿಯಿಂದ ಶುರು ಮಾಡಿ ಬಲಕ್ಕೆ ಸಾಗುತ್ತಾರೆ. ಹಾಗೆ ಹೋದರೆ ಹಸಿ ಬಣ್ಣದ ಮೇಲೆ ತಮ್ಮ ಕೈ ಬೀಳುವುದಿಲ್ಲ. ಸಾಲಿನ ಕೊನೆಯಲ್ಲಿ ಪೂರ್ತಿ ಅಚ್ಚಿಗೆ ಜಾಗ ಸಾಲದಿದ್ದರೆ ಕಾಗದ ಅಡ್ಡ ಇಟ್ಟು ಅರ್ಧ ಅಚ್ಚು ಒತ್ತಿ ಮುಗಿಸುತ್ತಾರೆ. ಆದ್ದರಿಂದ ಅರ್ಧ ಹೂವು ಇರುವುದು ಬಲ ತುದಿಯಲ್ಲಿ. ಈ ಮೇಲ್ಕಟ್ಟಿನ ನಾಲ್ಕೂ ಅಂಚನ್ನು ಸುತ್ತಿ ಬಂದು ನೋಡಿದೆ. ನಾಲ್ಕರಲ್ಲೂ ಅರ್ಧ ಹೂವು ಎಡ ತುದಿಯಲ್ಲಿತ್ತು.

ಮೇಸ್ತ್ರಿ ಅಚ್ಚು ಒತ್ತುತ್ತಿರುವ ಒಂದು ಪಟ ನಮ್ಮಲ್ಲಿದೆ. ಅದರಲ್ಲಿ ಅಚ್ಚು ಇರುವುದು ಅವರ ಬಲಗೈಯಲ್ಲಿ. ಹಾಗಾದರೆ ಇದನ್ನು ಒತ್ತಿದವರು ಬೇರೆ ಯಾರೋ! ಎಡಗೈಯವರು! ಚಹಾ ಗಿಹಾ ಎಲ್ಲ ಮರೆತು ಮೆಟ್ಟಿಲು ಹತ್ತಿ ನಿರ್ದೇಶಕರ ಕೋಣೆಗೆ ನುಗ್ಗಿದೆ.

ಅವರು ಸಮಾಧಾನವಾಗಿ ಕೇಳಿದರು. ನನ್ನಂಥ ಅವಸರದವಳಿಗೆ ಸಮಾಧಾನದ ಮನುಷ್ಯರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ.

“ಮೇಜಿಗೆ ಎರಡು ಬದಿ ಉಂಟಲ್ಲ ಮೇಡಂ. ಆಚೆ ಬದಿ ನಿಂತು, ಅಚ್ಚನ್ನು ತಲೆಕೆಳಗಾಗಿ ಹಿಡಿದು ಒತ್ತಿದರೆ? ಅವರ ಎಡ ನಮಗೆ ಬಲ ಆಗುವುದಿಲ್ವಾ?”

ಆಗುತ್ತದೆ. ಹೌದು, ಆಗುತ್ತದೆ. ಬೆಳಗ್ಗಿನಿಂದ ಕಟ್ಟಿದ್ದನ್ನೆಲ್ಲ ಒಂದೇ ಪ್ರಶ್ನೆಯಲ್ಲಿ ಉದುರಿಸಿ ಅವರು ಮತ್ತೆ ಕನ್ನಡಕ ಏರಿಸಿಕೊಂಡರು. ಮುಖ ಸಪ್ಪೆ ಮಾಡಿಕೊಂಡು ಇಳಿದು ಬಂದೆ.

ಅರ್ಧ ದಿನ ಮುಖ ಊದಿಸಿಕೊಂಡು ಕುಳಿತ ಮೇಲೆ ಅಚ್ಚುಗಳ ನೆನಪಾಯಿತು. ಶೆಡ್ಡು ಮುಚ್ಚಿದಾಗ ಉಳಿದ ಹದಿನಾಲ್ಕು ಅಚ್ಚುಗಳು ಒಂದು ಮರದ ಪೆಟ್ಟಿಗೆಯಲ್ಲಿ ನಮ್ಮ ಉಗ್ರಾಣದಲ್ಲಿದ್ದವು. ಒಣಗಿದ ಬಣ್ಣ ಮೆತ್ತಿಕೊಂಡಿದ್ದರಿಂದ ಯಾರೂ ಅವುಗಳನ್ನು ಸರಿಯಾಗಿ ನೋಡಿರಲಿಲ್ಲ. ಕೇದಗೆಯ ಅಚ್ಚನ್ನು ಹುಡುಕಿ ತೆಗೆದು, ಮೆದು ಕುಂಚದಿಂದ ಉಜ್ಜುತ್ತಾ ಕುಳಿತೆ.

ಇಂಥ ಅಚ್ಚುಗಳಲ್ಲಿ ಗುರುತಿಗೆಂದು ಅಂಚಿನಲ್ಲಿ ಸಣ್ಣ ಮೊಳೆಗಳಿರುತ್ತವೆ. ಅವು ಬಟ್ಟೆಯ ಮೇಲೆ ಚುಕ್ಕಿ ಬಿಡುತ್ತವೆ. ಮುಂದಿನ ಸಲ ಅಚ್ಚನ್ನು ಆ ಚುಕ್ಕಿಗೆ ಸರಿಯಾಗಿ ಕೂರಿಸಿದರೆ ಸಾಲು ಸೊಟ್ಟವಾಗುವುದಿಲ್ಲ. ಬಲಗೈಯವರ ಅಚ್ಚಿನಲ್ಲಿ, ಹಿಡಿಯ ಕಡೆಯಿಂದ ನೋಡಿದರೆ, ಕೂರಿಸುವ ಮೊಳೆ ಎಡ ಅಂಚಿನಲ್ಲಿರುತ್ತದೆ. ಹದಿಮೂರು ಅಚ್ಚುಗಳಲ್ಲಿ ಹಾಗೆಯೇ ಇತ್ತು. ಕೇದಗೆಯದ್ದರಲ್ಲಿ ಎಡಗಡೆಯ ಮೊಳೆಯನ್ನು ಅರದಿಂದ ಉಜ್ಜಿ ಮಟ್ಟ ಮಾಡಿದ್ದರು. ಬಲ ಅಂಚಿಗೆ ಬೇರೊಂದು ಮೊಳೆ ಹೊಡೆದಿದ್ದರು.

ಕೈಗವಸು ಹಾಕಿಕೊಂಡು, ಬಣ್ಣವಿಲ್ಲದೆ, ಕಾಗದದ ಮೇಲೆ ಅಚ್ಚನ್ನು ಬರಿದೇ ಇಟ್ಟು ನೋಡಿದೆ. ಬಲಗೈಯಲ್ಲಿ ಹಿಡಿದರೆ ನನ್ನ ಮಣಿಕಟ್ಟೇ ಅಡ್ಡ ಬಂದು ಮೊಳೆ ಕಾಣಲಿಲ್ಲ. ಎಡಗೈಗೆ ಬದಲಿಸಿದೆ. ಮೊಳೆ ಕಣ್ಣೆದುರು ನಿಂತಿತು. ಹಿಡಿಯಲ್ಲಿ ಹೆಬ್ಬೆರಳು ಕೂತು ಕೂತು ಸವೆದ ಒಂದು ಗುಳಿ ಇತ್ತು. ನನ್ನ ಎಡ ಹೆಬ್ಬೆರಳು ಅದರೊಳಗೆ ಹೋಗಿ ಕುಳಿತಿತು. ಕೆಲಸದ ಮೇಜಿನ ಎದುರು ಒಬ್ಬಳೇ ನಿಂತು ನಾನು ಜೋರಾಗಿ ನಕ್ಕದ್ದು ಕಾವಲಿನವರಿಗೆ ಕೇಳಿಸಿತಂತೆ.

ಆ ಹೊಸ ಮೊಳೆಯೂ ವಿಚಿತ್ರವಾಗಿತ್ತು. ಉಳಿದವೆಲ್ಲ ದುಂಡಗಿನ ಹಿತ್ತಾಳೆ ಮೊಳೆಗಳು. ಇದು ಚೌಕ, ಮೇಲೆ ಹಸಿರು ಕಿಲುಬು, ಅದರಡಿ ಕೆಂಪು ಲೋಹ, ಅಂದರೆ ತಾಮ್ರ. ಬಟ್ಟೆಯ ಶೆಡ್ಡಿಗೆ ಚೌಕದ ತಾಮ್ರದ ಮೊಳೆ ಎಲ್ಲಿಂದ ಬಂತು? ಹಳೆಯ ಟಿಪ್ಪಣಿಗಳನ್ನೆಲ್ಲ ಹೊರಗೆ ತೆಗೆದೆ. ಹಿಂದೆ ಇಲ್ಲಿ ಕೆಲಸ ಮಾಡಿದವರೊಬ್ಬರು ಶೆಡ್ಡಿನ ಬಗ್ಗೆ ವಿಚಾರಿಸಿ ಬರೆದಿಟ್ಟಿದ್ದರು: ‘ಅಚ್ಚು ಒತ್ತಲು ಮೇಸ್ತ್ರಿಯಲ್ಲದೆ ಇಬ್ಬರು ಗಂಡಸರು. ಬಟ್ಟೆ ತೊಳೆಯಲು ಕಾಪುವಿನ ಕಡೆಯ ಒಬ್ಬ ಹುಡುಗಿ.’ ಕಾಪು ಎಂದರೆ ಕಡಲು, ಕಡಲೆಂದರೆ ದೋಣಿ. ದೋಣಿಯ ಅಡಿಗೆ ತಾಮ್ರದ ತಗಡನ್ನು ತಾಮ್ರದ ಮೊಳೆಯಿಂದಲೇ ಹೊಡೆಯುತ್ತಿದ್ದ ಕಾಲವೊಂದಿತ್ತು.

ಮರುದಿನವೇ ಮೊಳೆ ಕಾಣುವ ಹಾಗೆ ತೆಗೆದ ಅಚ್ಚಿನ ಪಟ ಹಿಡಿದು ಕಾಪುವಿಗೆ ಹೋದೆ. ಕಡಲ ಬದಿಯಲ್ಲಿ ದೋಣಿ ರಿಪೇರಿ ಮಾಡುತ್ತಿದ್ದವರೊಬ್ಬರು ನೋಡಿ, ಈಗೆಲ್ಲ ಫೈಬರ್ ದೋಣಿ, ಇಂಥದ್ದು ತಮಗೆ ಗೊತ್ತಿಲ್ಲ ಎಂದರು. ಕೆಲಸ ಬಿಟ್ಟ ಹಳೆಯ ದೋಣಿ ಬಡಗಿಯೊಬ್ಬರ ಮನೆ ತೋರಿಸಿದರು. ಎಪ್ಪತ್ತರ ಆಸುಪಾಸಿನ ಗಟ್ಟಿ ಆಳು. ಪಟವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

“ಇದು ನಾನೇ ಹೊಡೆದದ್ದಲ್ವಾ ಮಾರಾಯ್ರೆ!”

“ನೀವೇ? ಖಂಡಿತ ಗೊತ್ತುಂಟಾ ಅಣ್ಣ?”

“ಗೊತ್ತಿಲ್ಲದೆ ಎಂತ? ನನ್ನ ಅಕ್ಕ ಕಾರ್ಕಳದಲ್ಲಿ ಬಣ್ಣದ ಕೆಲಸಕ್ಕೆ ಹೋಗುತ್ತಿದ್ದಳು. ಚಿಕ್ಕಮ್ಮನ ಮನೆಯಲ್ಲಿ ಇದ್ದು. ಅಚ್ಚು ತಂದು, ಈ ಬದಿಗೆ ಒಂದು ಮೊಳೆ ಹೊಡೆದು ಕೊಡು ಅಂದಳು. ನಾನು ಆಗಷ್ಟೇ ಕೆಲಸ ಕಲಿಯುತ್ತಾ ಇದ್ದೆ. ಕೈಯಲ್ಲಿ ಇದ್ದದ್ದು ದೋಣಿ ಮೊಳೆ, ಅದನ್ನೇ ಹೊಡೆದೆ. ಮರ ಸೀಳದ ಹಾಗೆ ಹೊಡೆದಿದ್ದೇನೆ ನೋಡಿ! ಈಗ ಅದು ನಿಮ್ಮ ಮ್ಯೂಸಿಯಂನಲ್ಲಿ ಉಂಟಾ? ನನ್ನ ಮೊಳೆ ನೋಡ್ಲಿಕ್ಕೆ ನಾನೇ ಟಿಕೆಟ್ ತೆಗೆಯಬೇಕಾ?”

“ಅಕ್ಕ ಎಡಗೈಯವರಾ?”

“ಹೌದು. ಈಗ ಎಲ್ಲಾ ಬಲಗೈಯಲ್ಲೇ ಮಾಡುತ್ತಾಳೆ. ಒಳಗೆ ಇದ್ದಾಳೆ, ಕರೆಯುತ್ತೇನೆ.”

ಅಕ್ಕ ಬಂದರು. ತೆಳ್ಳಗಿನ, ನೆಟ್ಟಗೆ ನಿಲ್ಲುವ ಹೆಂಗಸು. ನಾನು ಉತ್ಸಾಹ ತಡೆಯಲಾರದೆ ನಮಸ್ಕಾರದ ಹಿಂದೆಯೇ ಎಲ್ಲವನ್ನೂ ಸುರಿದುಬಿಟ್ಟೆ. ಬಲದಿಂದ ಎಡಕ್ಕೆ ಹೋಗುವ ಸಾಲು, ಹೆಬ್ಬೆರಳಿನ ಗುಳಿ, ಅಜೆಕಾರಿನ ಮನೆಯವರು ಕೊಟ್ಟ ಮೇಲ್ಕಟ್ಟು. ಕೊನೆಯ ಮಾತಿಗೆ ಅವರ ಮುಖ ಬದಲಾಯಿತು.

“ನಾನು ಬಟ್ಟೆ ತೊಳೆಯುತ್ತಾ ಇದ್ದದ್ದು ಮಗಾ. ಅಚ್ಚು ಮುಟ್ಟಿದವಳಲ್ಲ.”

“ಅಕ್ಕ!” ಎಂದರು ತಮ್ಮ. ಮುಂದಿನದ್ದೆಲ್ಲ ತುಳುವಿನಲ್ಲಿ ನಡೆಯಿತು. ನೀನೇ ಅಚ್ಚು ತಂದದ್ದಲ್ಲವಾ ಎಂದು ಇವರು, ಬಾಯಿ ಮುಚ್ಚು ಎಂದು ಅವರು. ಅಕ್ಕ ಒಳಗೆ ಹೋಗಿಬಿಟ್ಟರು. ಚಹಾ ಬಂತು, ಅವರು ಬರಲಿಲ್ಲ.

ತಮ್ಮ ನನ್ನನ್ನು ಕಾರಿನ ತನಕ ಬಿಡಲು ಬಂದವರು ತಗ್ಗಿದ ದನಿಯಲ್ಲಿ ವಿಷಯ ಹೇಳಿದರು. ಮೇಸ್ತ್ರಿಗೆ ಅಕ್ಕನ ಎಡಗೈ ಗೊತ್ತಿತ್ತು. ತೊಳೆಯುವ ಕೆಲಸದ ನಡುವೆ ಚಾದರ ಒತ್ತಲು ಬಿಡುತ್ತಿದ್ದರು, ದೇವರ ಬಟ್ಟೆಗೆ ಮಾತ್ರ ಬೇಡ ಎಂದು ಹೇಳಿದ್ದರು. ದೇವರಿಗೆ ಎಡಗೈಯಲ್ಲಿ ಹೂವೂ ಕೊಡದ ಊರು ನಮ್ಮದು. ಅಜೆಕಾರಿನ ಮೇಲ್ಕಟ್ಟಿನ ಕೆಲಸ ಬಂದಾಗ ಒತ್ತುವ ಗಂಡಸರಿಬ್ಬರೂ ಊರಿಗೆ ಹೋಗಿದ್ದರು. ತಾವರೆ ಒತ್ತುವಷ್ಟರಲ್ಲಿ ಮೇಸ್ತ್ರಿಗೆ ಜ್ವರ ಏರಿತು. ನಾಲ್ಕೂ ಅಂಚನ್ನು ನೀನೇ ಮುಗಿಸು, ಯಾರಲ್ಲಿಯೂ ಹೇಳಬೇಡ ಎಂದು ಅಕ್ಕನಿಗೆ ಒಪ್ಪಿಸಿದರು.

“ಅದನ್ನು ಕಟ್ಟಿದ ವರ್ಷವೇ ಆ ಮನೆಯ ಸೊಸೆ ತೀರಿಕೊಂಡಳು ಮೇಡಂ. ಸಣ್ಣ ಪ್ರಾಯ. ದೇವರ ತಲೆಯ ಮೇಲೆ ತನ್ನ ಎಡಗೈ ಕೆಲಸ ಕಟ್ಟಿದ್ದಕ್ಕೇ ಹಾಗಾಯಿತು ಅಂತ ಅಕ್ಕನ ತಲೆಯಲ್ಲಿ ಕೂತುಬಿಟ್ಟಿದೆ. ಅಂದಿನಿಂದ ಅಚ್ಚು ಮುಟ್ಟಲಿಲ್ಲ. ಎಡಗೈಯಲ್ಲಿ ಒಂದು ಲೋಟ ಸಹ ಎತ್ತುವುದಿಲ್ಲ.”

ಮಣಿಪಾಲಕ್ಕೆ ಹಿಂದಿರುಗುವ ದಾರಿಯಲ್ಲಿ ನನ್ನ ಮೇಲೇ ನನಗೆ ಸಿಟ್ಟು ಬಂತು. ಮೊಳೆ ಸಿಕ್ಕಿದ ಸಡಗರದಲ್ಲಿ ಐವತ್ತು ವರ್ಷದ ಗಾಯಕ್ಕೆ ಕೈ ಹಾಕಿ ಬಂದಿದ್ದೆ. ಆದರೂ ಒಳಗೊಳಗೆ ಖುಷಿ ಕುಣಿಯುತ್ತಲೇ ಇತ್ತು, ಸುಳ್ಳು ಯಾಕೆ ಹೇಳಲಿ. ಯಾರು ಎಂದು ಗೊತ್ತಾಗಿತ್ತು!

ನಿರ್ದೇಶಕರು ಈ ಸಲ ಕುರ್ಚಿಯಿಂದ ಎದ್ದರು. ಉಗ್ರಾಣಕ್ಕೆ ಬಂದು ತಾವೇ ಅಚ್ಚು ಹಿಡಿದು ನೋಡಿದರು. ಬಲಗೈ, ಎಡಗೈ, ಮತ್ತೆ ಬಲಗೈ.

“ನನ್ನ ಮಾತು ಬಿದ್ದುಹೋಯಿತು ಮೇಡಂ. ಇದು ದೊಡ್ಡ ಸುದ್ದಿ. ತಮ್ಮನ ಹೇಳಿಕೆ ಬರೆಸಿಕೊಳ್ಳಿ, ಮೊಳೆ ಹೊಡೆದವರ ಸಾಕ್ಷಿ ಸಾಕು. ಫಲಕದಲ್ಲಿ ಅವರ ಅಕ್ಕನ ಹೆಸರು ಹಾಕಿಬಿಡುವಾ. ಪತ್ರಿಕೆಯವರಿಗೂ ಹೇಳುವಾ.”

ಒಂದು ವಾರದ ಹಿಂದಾಗಿದ್ದರೆ ನಾನು ಅವರ ಕೈ ಕುಲುಕಿ ಕುಣಿಯುತ್ತಿದ್ದೆ. ನನ್ನ ವೃತ್ತಿಯಲ್ಲಿ ಇಂಥ ಶೋಧ ಎರಡನೆಯ ಸಲ ಸಿಗುವುದು ಕಷ್ಟ. ಆದರೆ ಹೆಸರು ಗೋಡೆಗೆ ಏರಿದ ದಿನ ಕಾಪುವಿನ ಆ ಮನೆಯಲ್ಲಿ ಏನಾಗುತ್ತದೆ ಎಂದು ನನಗೆ ಕಾಣುತ್ತಿತ್ತು. ಅದು ಅವರಿಗೆ ಗೌರವವಾಗುವುದಿಲ್ಲ, ಊರೆದುರು ತಪ್ಪೊಪ್ಪಿಗೆಯಾಗುತ್ತದೆ. ಅದೂ ಅವರ ಬಾಯಿಂದ ಬಾರದ ತಪ್ಪೊಪ್ಪಿಗೆ.

“ಬೇಡ ಸರ್,” ಎಂದೆ. “ಅವರು ಅಲ್ಲ ಅಂದಿದ್ದಾರೆ.”

“ಅವರು ಅಲ್ಲ ಅಂದರೆ ಬಟ್ಟೆ ಹೌದು ಅನ್ನುತ್ತದಲ್ಲ?”

“ಬಟ್ಟೆ ಎಡಗೈ ಅನ್ನುತ್ತದೆ. ಹೆಸರು ಹೇಳುವುದಿಲ್ಲ.”

ಸ್ವಲ್ಪ ಜೋರು ಮಾತೇ ಆಯಿತು. ಕೊನೆಗೆ ನಾನು ಮೇಸ್ತ್ರಿಯ ಹೆಸರಿದ್ದ ಫಲಕದ ಕರಡನ್ನು ಹರಿದೆ. ‘ಅಂಚು ಒತ್ತಿದವರು: ಎಡಗೈಯ ಕುಶಲಿ, ಹೆಸರು ತಿಳಿದಿಲ್ಲ’ ಎಂದು ಬರೆದು ಅವರ ಮುಂದೆ ಇಟ್ಟೆ. ತಿಳಿದಿದ್ದೂ ತಿಳಿದಿಲ್ಲ ಎಂದು ಬರೆದದ್ದು ನನ್ನ ಕೆಲಸದಲ್ಲಿ ಅದೊಂದೇ ಸಲ. ಅವರು ಬಹಳ ಹೊತ್ತು ಓದಿ, ಸಹಿ ಹಾಕಿದರು. ಆಮೇಲೆ ಕಾಪುವಿಗೆ ಫೋನ್ ಮಾಡಿ ತಮ್ಮನಿಗೆ ಅಷ್ಟನ್ನೂ ತಿಳಿಸಿದೆ. ಹೆಸರು ಹಾಕುವುದಿಲ್ಲ, ಅಕ್ಕನಿಗೆ ಹೇಳಿ, ಹೆದರುವುದು ಬೇಡ.

ಎರಡು ದಿನ ಬಟ್ಟೆಯ ಹಿಂಬದಿಗೆ ಆಧಾರದ ಬಟ್ಟೆ ಹೊಲಿಯುವುದರಲ್ಲಿ ಕಳೆಯಿತು. ಕೂದಲೆಳೆಯಂಥ ರೇಷ್ಮೆ ನೂಲು, ಬಾಗಿದ ಸೂಜಿ, ಹಳೆಯ ನೂಲುಗಳ ಸಂದಿಯಲ್ಲಿಯೇ ಹೋಗಬೇಕು, ಹೊಸ ತೂತು ಬೀಳಬಾರದು. ಮೂರನೆಯ ದಿನ ಫೋನ್ ಬಂತು. ತಮ್ಮನ ನಂಬರು, ದನಿ ಅಕ್ಕನದ್ದು.

“ಹೆಸರು ಯಾಕೆ ಹಾಕುವುದಿಲ್ಲ?”

“ನೀವು ಅಲ್ಲ ಅಂದಿರಲ್ಲ ಅಮ್ಮ.”

“ಅಜೆಕಾರಿಗೆ ನನ್ನನ್ನು ಕರೆದುಕೊಂಡು ಹೋಗುತ್ತೀಯಾ ಮಗಾ? ಅವರಲ್ಲಿ ಹೇಳಬೇಕು. ಹೇಳದೆ ಸತ್ತರೆ ಅದು ಸರಿಯಾಗುವುದಿಲ್ಲ.”

ಅಕ್ಕನನ್ನೂ ತಮ್ಮನನ್ನೂ ಕಾರಿನಲ್ಲಿ ಕೂರಿಸಿಕೊಂಡು ಶಿರ್ವ, ಬೆಳ್ಮಣ್ ದಾಟಿ ಹೊರಟೆ. ಕಾರ್ಕಳ ಪೇಟೆಯಲ್ಲಿ ಅಕ್ಕ ಮೊಬೈಲ್ ಅಂಗಡಿಯೊಂದನ್ನು ತೋರಿಸಿ, ಶೆಡ್ಡು ಇದ್ದದ್ದು ಅಲ್ಲಿ ಎಂದರು. ಅಲ್ಲಿಂದ ಮುಂದೆ ನನ್ನ ತಲೆಯಲ್ಲಿ ಒಂದೇ ಯೋಚನೆ. ಅಜೆಕಾರಿನವರು ಏನಾದರೂ ಒಂದು ಒರಟು ಮಾತು ಆಡಿದರೆ ಮುಗಿಯಿತು, ಈ ಹೆಂಗಸು ಉಳಿದ ಆಯುಷ್ಯವನ್ನು ಅದೇ ಮಾತಿನ ಜೊತೆ ಕಳೆಯಬೇಕು. ಅವರನ್ನು ಇಲ್ಲಿಗೆ ತಂದು ನಿಲ್ಲಿಸಿದವಳು ನಾನು.

ಮೇಲ್ಕಟ್ಟು ಕೊಟ್ಟಿದ್ದ ಆ ಮನೆಯ ಹಿರಿಯ ಹೆಂಗಸು ನಮ್ಮನ್ನು ಜಗಲಿಯಲ್ಲಿ ಕೂರಿಸಿ ಬೆಲ್ಲ ನೀರು ಕೊಟ್ಟರು. ಅಕ್ಕ ಲೋಟ ಮುಟ್ಟಲಿಲ್ಲ. ನಿಂತುಕೊಂಡೇ ಹೇಳಿದರು.

“ನಿಮ್ಮ ದೇವರ ಮೇಲ್ಕಟ್ಟಿನ ಅಂಚು ಒತ್ತಿದ್ದು ನಾನು. ಎಡಗೈಯಲ್ಲಿ. ಆ ವರ್ಷ ನಿಮ್ಮ ಮನೆಯ ಸೊಸೆ ಹೋದರು. ನನ್ನಿಂದಾಗಿಯೇ ಇರಬೇಕು. ಅದನ್ನು ಹೇಳ್ಲಿಕ್ಕೆ ಬಂದದ್ದು.”

ಹಿರಿಯ ಹೆಂಗಸು ಅಕ್ಕನ ಮುಖವನ್ನೇ ನೋಡಿದರು.

“ಇಷ್ಟು ವರ್ಷ ಇದನ್ನು ತಲೆಯಲ್ಲಿ ಇಟ್ಟುಕೊಂಡಿದ್ದೀರಾ ನೀವು?”

ಅಕ್ಕ ಹೌದೆಂದು ತಲೆಯಾಡಿಸಿದರು.

“ಕೂತುಕೊಳ್ಳಿ ಮೊದಲು. ಅವರು ಹೋದದ್ದು ಹೆರಿಗೆಯಲ್ಲಿ. ಕಾರ್ಕಳದಿಂದ ಜೀಪು ಬರುವಾಗ ತಡ ಆಗಿತ್ತು. ನನ್ನ ಅತ್ತೆ ಸಾಯುವ ತನಕ ಹೇಳುತ್ತಾ ಇದ್ದದ್ದು ಆ ಜೀಪಿನ ವಿಷಯ. ಮೇಲ್ಕಟ್ಟಿನ ವಿಷಯ ಒಂದು ದಿನ ಹೇಳಿದವರಲ್ಲ. ಮರುವರ್ಷ ಈ ಮನೆಗೆ ಎರಡನೆಯ ಸೊಸೆಯಾಗಿ ಬಂದದ್ದು ನಾನು. ನನ್ನ ಧಾರೆ ಆದದ್ದು ನಿಮ್ಮ ಬಟ್ಟೆಯ ಕೆಳಗೆ. ನನ್ನ ಮೂವರು ಮಕ್ಕಳದ್ದೂ ಅದರ ಕೆಳಗೇ. ಅದು ಕೆಟ್ಟದಾಗಿದ್ದರೆ ನಾನು ಇಲ್ಲಿ ಹೀಗೆ ಕೂತು ಮಾತಾಡ್ಲಿಕ್ಕೆ ಇತ್ತಾ?”

ಅಕ್ಕ ಮೆಲ್ಲಗೆ ಕುಳಿತರು. ಸೆರಗಿನಿಂದ ಮುಖ ಒರೆಸಿಕೊಂಡರು. ತಮ್ಮ ಅಂಗಳದ ಕಡೆ ತಿರುಗಿದರು. ನನಗೂ ಕಣ್ಣು ಮಂಜಾಯಿತು, ಅದನ್ನು ಮುಚ್ಚಿಡುವುದೇನು.

ಆ ಮನೆಯಾಕೆ ಮಾತು ಹಗುರ ಮಾಡಲೆಂದೋ ಏನೋ, “ಒಂದು ಕೇಳುತ್ತೇನೆ, ಬೇಸರ ಮಾಡಬೇಡಿ. ಅಂಚಿನಲ್ಲಿ ಕೆಲವು ಹೂವಿಗೆ ಬಣ್ಣ ಕಮ್ಮಿ ಹಾಕಿದ್ದು ಯಾಕೆ? ಧಾರೆಯ ದಿನ ತಲೆ ಎತ್ತಿ ನೋಡಿದಾಗಿನಿಂದ ನನಗೆ ಅದೇ ಕಾಣುವುದು,” ಎಂದರು.

ಅಕ್ಕ ತಟ್ಟನೆ ತಲೆ ಎತ್ತಿದರು.

“ಅದು ನನ್ನ ತಪ್ಪಲ್ಲ! ಮೇಸ್ತ್ರಿ ಮಲಗಿದ್ದಲ್ಲಿಂದಲೇ ಬಣ್ಣ ಹಾಳು ಮಾಡಬೇಡ, ಬಟ್ಟಲಿಗೆ ಸ್ವಲ್ಪ ಸ್ವಲ್ಪವೇ ಹಾಕು ಅಂತ ಕೂಗುತ್ತಾ ಇದ್ದರು. ಬಟ್ಟಲು ಒಣಗಿದರೆ ಅಚ್ಚಿಗೆ ಬಣ್ಣ ಎಲ್ಲಿಂದ ಬರಬೇಕು? ನನಗೆ ಬಿಟ್ಟಿದ್ದರೆ ನಾಲ್ಕಂಚೂ ಒಂದೇ ಹದದಲ್ಲಿ ಬರುತ್ತಿತ್ತು. ಆದರೂ ಸಾಲು ನೋಡಿದ್ದೀರಾ? ಒಂದು ನೂಲು ಆಚೀಚೆ ಆಗಿದೆಯಾ ಹೇಳಿ!”

ಹೇಳುತ್ತಾ ಹೇಳುತ್ತಾ ಅವರ ಎಡಗೈ ಮೇಲೆದ್ದು, ಇಲ್ಲದ ಅಚ್ಚನ್ನು ಗಾಳಿಯಲ್ಲಿ ಒತ್ತುತ್ತಾ ಸಾಗಿತ್ತು. ತಮ್ಮ ಅದನ್ನು ನೋಡಿ ನನಗೆ ಕಣ್ಸನ್ನೆ ಮಾಡಿದರು. ಒಂದು ನೂಲೂ ಆಚೀಚೆ ಆಗಿಲ್ಲ ಅಮ್ಮ ಎಂದು ನಾನು ಹೇಳಿದೆ. ಭೂತಗನ್ನಡಿಯಲ್ಲಿ ನೋಡಿದವಳು ನಾನೇ ತಾನೆ. ಅವರು ಬೆಲ್ಲ ನೀರಿನ ಲೋಟ ಎತ್ತಿ ಕುಡಿದು ಮುಗಿಸಿ, ಇನ್ನೊಂದು ಲೋಟ ಕೇಳಿದರು.

ಪ್ರದರ್ಶನಕ್ಕೆ ಎರಡು ದಿನ ಮೊದಲು ಅಕ್ಕ, ತಮ್ಮ ಇಬ್ಬರೂ ಮಣಿಪಾಲಕ್ಕೆ ಬಂದರು. ಫಲಕದಲ್ಲಿ ಹೆಸರು ಹಾಕಬೇಕಾದರೆ ಸಹಿ ಮಾಡಿದ ಹೇಳಿಕೆ ಬೇಕು, ಅದು ನಮ್ಮ ನಿಯಮ. ಮೇಲ್ಕಟ್ಟನ್ನು ಆಗಲೇ ಗಾಜಿನ ಕೆಳಗೆ ಇಟ್ಟಾಗಿತ್ತು. ಅಕ್ಕ ಅದರ ನಾಲ್ಕೂ ಅಂಚಿಗೆ ಸುತ್ತು ಬಂದರು. ತೆಳು ಹೂವುಗಳ ಹತ್ತಿರ ನಿಂತು ಮುಖ ಸಿಂಡರಿಸಿದರು. ತಮ್ಮ ಪಕ್ಕದ ಪೆಟ್ಟಿಗೆಯಲ್ಲಿದ್ದ ಅಚ್ಚಿನ ಮುಂದಿನಿಂದ ಅಲುಗಾಡಲೇ ಇಲ್ಲ.

ನಿರ್ದೇಶಕರು ಕಾಗದವನ್ನು ಮೇಜಿನ ಮೇಲಿಟ್ಟು, ಬರೆದದ್ದನ್ನೆಲ್ಲ ಓದಿ ಹೇಳಿ, ಪೆನ್ನು ಕೊಟ್ಟರು. ಅಕ್ಕ ಬಲಗೈಯಲ್ಲಿ ತೆಗೆದುಕೊಂಡು ನಿಧಾನವಾಗಿ, ಶಾಲೆಯಲ್ಲಿ ಕಲಿಸಿದ ಹಾಗೆ, ದುಂಡಗೆ ತಮ್ಮ ಹೆಸರು ಬರೆದರು. ನಿರ್ದೇಶಕರು ಕಾಗದಕ್ಕೆ ಕೈ ಚಾಚಿದರು.

“ನಿಲ್ಲಿ,” ಎಂದರು ಅಕ್ಕ. “ಇಂಥದ್ದೇ ಇನ್ನೊಂದು ಕಾಗದ ಉಂಟಾ?”

ನಾನು ಓಡಿಹೋಗಿ ಇನ್ನೊಂದು ಪ್ರತಿ ತಂದೆ. ಅವರು ಪೆನ್ನನ್ನು ಎಡಗೈಗೆ ದಾಟಿಸಿದರು. ಆ ಕೈಯಲ್ಲಿ ಜೀವಮಾನದಲ್ಲಿ ಒಂದಕ್ಷರ ಬರೆದವರಲ್ಲ. ಬೆರಳುಗಳಿಗೆ ಪೆನ್ನು ಹಿಡಿಯುವುದು ಹೇಗೆಂದೇ ಗೊತ್ತಿರಲಿಲ್ಲ. ಅಕ್ಷರಗಳು ಒಂದು ಮೇಲೆ, ಒಂದು ಕೆಳಗೆ, ಕೊನೆಯದ್ದು ಕಾಗದದ ಅಂಚಿಗೆ ಹೋಗಿ ತಾಗಿತು. ಬಹಳ ಹೊತ್ತು ಹಿಡಿಯಿತು.

ನಿರ್ದೇಶಕರು ಎರಡೂ ಕಾಗದಗಳನ್ನು ಕೈಯಲ್ಲಿ ಹಿಡಿದುಕೊಂಡು, “ಯಾವುದನ್ನು ಇಡಲಿ ಅಮ್ಮ?” ಎಂದು ಕೇಳಿದರು.

ಅಕ್ಕ ಮೊದಲನೆಯದನ್ನು ಅವರ ಕೈಯಿಂದ ತೆಗೆದುಕೊಂಡು, ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

“ಒತ್ತಿದ ಕೈಯದ್ದು,” ಎಂದರು.